ಭಂಡಾರ ಮುಟ್ಟದ ವಕೀಲರು

ಬೈಲಹೊಂಗಲದ ನಮ್ಮ ವಕೀಲರು ಕಪ್ಪು ಕೋಟು ಬಿಚ್ಚಿಟ್ಟರು ಎಂದು ನನ್ನ ತಮ್ಮ ಮಲ್ಲು ಫೋನಿನಲ್ಲಿ ಹೇಳಿದ. ವಯಸ್ಸಾಯಿತೆಂದು ಬಿಟ್ಟರೇ ಎಂದು ಕೇಳಿದೆ. ಕಿವಿಯ ಕಾರಣಕ್ಕಂತೆ. ಕೆಲವು ವರ್ಷಗಳಿಂದ ಕಿವಿ ಮಂದವಾಗಿತ್ತು, ಮಷಿನ್ ಹಾಕಿಕೊಂಡು ನಡೆಸುತ್ತಿದ್ದರು. ಮೊನ್ನೆ ಕಕ್ಷಿದಾರನೊಬ್ಬ ಬಂದು ತನ್ನ ಸಂಗತಿಯನ್ನು ಮೆಲ್ಲಗೆ ಹೇಳಿದ, ಇವರಿಗೆ ಕೇಳಿಸಲಿಲ್ಲ. ಸ್ವಲ್ಪ ಏರುದನಿಯಲ್ಲಿ ಹೇಳಿದ, ಅರ್ಧ ಕೇಳಿಸಿತು. ಕೊನೆಗೆ ಅವನು ಕೂಗಿ ಹೇಳಿದಾಗ ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಈ ಕಡೆ ತಿರುಗಿದನಂತೆ. ವಕೀಲರು ಎದ್ದು ಹೋಗಿ ಕಕ್ಷಿದಾರನ ಬಾಯಿ ಮುಚ್ಚಿದರಂತೆ.

"ಸಾಕೋ ಮಾರಾಯಾ. ನನ್ನ ಕಿವಿಗೆ ಹೇಳೂದು ಓಣಿ ಕಿವಿಗೆ ಹೋಗಾಕತ್ತೈತಿ. ಇನ್ನ ನಾ ವಕೀಲ ಅಲ್ಲ, ಲೌಡ್‌ಸ್ಪೀಕರ್."

ಅವನನ್ನು ತಾವೇ ಕೈಹಿಡಿದು ಕಿರಿಯ ವಕೀಲರೊಬ್ಬರ ಮನೆಗೆ ಕರೆದೊಯ್ದು ಒಪ್ಪಿಸಿ ಬಂದರಂತೆ. ಮಲ್ಲು ಯಾವ ಸುದ್ದಿಗೂ ಒಂದಿಷ್ಟು ಒಗ್ಗರಣೆ ಹಾಕದೆ ಬಡಿಸುವವನಲ್ಲ. ತಕ್ಕಡಿಯ ವಿಷಯ ನಾನು ನಂಬಿಲ್ಲ. ಉಳಿದದ್ದನ್ನು ನಂಬುತ್ತೇನೆ.

ಫೋನಿಟ್ಟ ಮೇಲೆ ಅವರ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬಂದದ್ದು ಬರೀ ಕೈ. ಕಕ್ಷಿದಾರನ ಸಂಬಂಧಿಕರು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರೆ ಅವರು ಎಡಗೈಯನ್ನು ಸಂಚಾರಿ ಪೊಲೀಸನಂತೆ ಅಡ್ಡ ಎತ್ತಿ, ಬಲಗೈಯಿಂದ ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಳ್ಳುತ್ತಿದ್ದರು. ಚಹಾ ಮುಗಿಯುವವರೆಗೆ ಆ ಎಡಗೈ ಇಳಿಯುತ್ತಿರಲಿಲ್ಲ. ಆಮೇಲೆ ಮೀಸೆ ನೆನಪಾಯಿತು. ತಲೆ ಪೂರ್ತಿ ಬೆಳ್ಳಗೆ, ಮೀಸೆ ಮಾತ್ರ ಕಡುಕಪ್ಪು. ಪ್ರತಿ ಸೋಮವಾರ ಅದು ಇನ್ನಷ್ಟು ಕಪ್ಪಾಗಿರುತ್ತಿತ್ತು.

ಅವರನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ನಮ್ಮ ಕಾಕಾ ಅವರ ಜೊತೆ ಆಡುತ್ತಿದ್ದವನು. ನಮ್ಮ ಮನೆಗೆ ಅವರ ಪರಿಚಯವಾದದ್ದೇ ಹಾಗೆ. ಒಮ್ಮೆ ಕಾಕಾ ಎಲೆ ಎಸೆದು ಕೂಗಿದನಂತೆ: "ಏ ವಕೀಲಾ, ಕೋರ್ಟಿನಾಗ ಧರ್ಮರಾಯ ಆಗ್ತಿ, ಇಲ್ಲಿ ಶಕುನಿ ಆಗ್ತಿಯಲ್ಲೋ!" ಅವರು ಎಲೆ ಕಲಸುತ್ತ ಹೇಳಿದರಂತೆ: "ಇಲ್ಲಿ ಸೋತಾವರು ಜೇಲಿಗೆ ಹೋಗಂಗಿಲ್ಲಲ್ಲೋ."

ಇನ್ನೊಂದು ದೃಶ್ಯವಿದೆ. ಸವದತ್ತಿಯ ಕೋರ್ಟು. ಕಳವಿನ ಪ್ರಕರಣದಲ್ಲಿ ಒಬ್ಬ ಮುದುಕಿ ಸಾಕ್ಷಿ. ಅವರ ಕಕ್ಷಿದಾರನನ್ನು ಬೆಳಗಿನ ಮಬ್ಬಿನಲ್ಲಿ ನೋಡಿದೆ ಎನ್ನುತ್ತಾಳೆ. ಅವರು ಆಕೆಗೆ ಕೂರಲು ಕುರ್ಚಿ ಕೇಳಿ, ಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಕೇಳುತ್ತಾರೆ. ಆಕೆಗೆ ಗಡಿಯಾರವೇ ಕಾಣುವುದಿಲ್ಲ. ಅಲ್ಲಿಗೆ ಕೂತುಬಿಡುತ್ತಾರೆ. ಹೊರಗೆ ಕಕ್ಷಿದಾರನ ಅಣ್ಣ ರೇಗುತ್ತಾನೆ: ಆ ಮುದುಕಿಗೆ ಸುಳ್ಳಿ ಅನ್ನಬೇಕಿತ್ತು, ಆಕೆಯ ಮಗ ಕುಡುಕ ಅನ್ನೋದನ್ನ ಎತ್ತಬೇಕಿತ್ತು. ಅದಕ್ಕೆ ವಕೀಲರು: "ಮುದುಕಿ ಸುಳ್ಳ ಹೇಳಿಲ್ಲೋ. ಆಕಿ ಕಣ್ಣು ಹೇಳ್ಯಾವು. ನನ್ನ ಜಗಳ ಆ ಕಣ್ಣಿನ ಜೋಡಿ ಇತ್ತು, ಮುಗೀತು. ಆಕಿ ಮರ್ಯಾದಿ ಜೋಡಿ ನನಗೇನ ಕೆಲಸ?"

ಇದನ್ನು ಕಣ್ಣಾರೆ ಕಂಡೆ ಎಂದು ಬಹಳ ದಿನ ನಂಬಿದ್ದೆ. ಕುರ್ಚಿಯ ಬೆತ್ತ ಹರಿದದ್ದೂ ನನಗೆ ನೆನಪಿದೆ. ಆದರೆ ನಾನು ಸವದತ್ತಿಯ ಕೋರ್ಟಿಗೆ ಒಮ್ಮೆಯೂ ಹೋದವಳಲ್ಲ. ಕಾಕಾ ಹೇಳಿದ್ದನ್ನು ನನ್ನ ಕಣ್ಣು ತನ್ನದಾಗಿಸಿಕೊಂಡಿದೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ನಾನೇ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಇಡುತ್ತೇನೆ.

ನಾನು ನೇಸರಗಿಯಲ್ಲಿ ಶಾಲಾ ಶಿಕ್ಷಕಿ. ತವರು ಅಲ್ಲಿಂದ ಹತ್ತಿರದ ಹಳ್ಳಿ. ಮಲ್ಲು ಅಲ್ಲಿ ಹೊಲ ನೋಡಿಕೊಂಡು, ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನಮ್ಮ ಹೊಲದ ಬದುವಿಗೆ ಹೊಂದಿ ಗದಿಗೆಪ್ಪನ ಹೊಲ. ಮಲ್ಲೂಗೆ ಇನ್ನೂ ಮದುವೆಯಾಗದಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಆ ಬದುವಿನ ಸಲುವಾಗಿ ಇಬ್ಬರಿಗೂ ಬಾಯಿಜಗಳವಾಯಿತು. ನಾಲ್ಕು ಜನರ ಮುಂದೆ ಮಲ್ಲು, "ಇದ ಬದುವಿನಾಗ ನಿನ್ನ ಹೂತಬಿಡ್ತೇನಿ" ಅಂದ. ಅದೇ ಸಂಜೆ ಗದಿಗೆಪ್ಪ ಹಳ್ಳದ ದಾರಿಯಲ್ಲಿ ತಲೆ ಒಡೆದು ಬಿದ್ದಿದ್ದ. ಜೀವವಿತ್ತು, ಮಾತಿರಲಿಲ್ಲ. ಅವನನ್ನು ಬೆಳಗಾವಿಗೆ ಒಯ್ದರು. ಮರುದಿನ ಪೊಲೀಸರು ಮಲ್ಲೂನನ್ನು ಒಯ್ದರು. ಕೊಲೆಯತ್ನದ ಕೇಸು.

ಮಲ್ಲು ಹೇಳಿದ್ದು ಎರಡೇ ಮಾತು: ನಾ ಹೊಡದಿಲ್ಲ. ಆ ಸಂಜೆ ಎಲ್ಲಿದ್ದೆ ಅನ್ನೂದು ಹೇಳಂಗಿಲ್ಲ. ಪೊಲೀಸರಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೇಳಿದ್ದು ಜೇಲಿನಲ್ಲಿ ವಕೀಲರಿಗೆ ಮಾತ್ರ. ಅವರು ನಮ್ಮನ್ನೆಲ್ಲ ಗೇಟಿನ ಹೊರಗೆ ನಿಲ್ಲಿಸಿ ಒಬ್ಬರೇ ಒಳಗೆ ಹೋಗಿದ್ದರು. ಹೊರಗೆ ಬಂದಾಗ ಅವ್ವ ಅವರ ಕೋಟಿನ ತೋಳು ಹಿಡಿದಳು.

"ಏನಂದಾನ್ರಿ ನಮ್ಮ ಹುಡುಗ?"

"ಚಳಿ ಅಂತ, ಒಂದ ಕೌದಿ ಬೇಕಂತ."

"ಮತ್ತ?"

"ಇಷ್ಟ ಹೇಳಾಕ ಪರವಾನಗಿ ಕೊಟ್ಟಾನ, ತಾಯಿ."

ಅವ್ವನಿಗೆ ಸಿಟ್ಟು ಬಂತು. "ಹಡದಾಕಿ ನಾನು. ನನ್ನ ಮಗನ ಮಾತು ಕೇಳಾಕ ನನಗ ಪರವಾನಗಿ ಬೇಕೇನು?" ಎಂದಳು. ಅವರು ಎಡಗೈ ಎತ್ತಲಿಲ್ಲ. ಆ ಕೈಯಿಂದ ಅವ್ವನ ಚೀಲ ಇಸಿದುಕೊಂಡು ಬಸ್ಸಿನವರೆಗೆ ಹೊತ್ತರು. ಇದನ್ನು ನಾನು ನೋಡಿದ್ದೇನೆ.

ನಮ್ಮ ಕಾಕಾ ಸುಮ್ಮನೆ ಕೂಡುವ ಪೈಕಿಯಲ್ಲ. ರಾಮದುರ್ಗದಿಂದ ಇಬ್ಬರನ್ನು ಹಿಡಿದು ತಂದ. ಆ ಸಂಜೆ ಮಲ್ಲು ತಮ್ಮ ಜೊತೆ ರಾಮದುರ್ಗದ ಅರಿವೆ ಅಂಗಡಿಯಲ್ಲಿದ್ದ ಎಂದು ಅವರು ಹೇಳುವುದಂತೆ. ವಕೀಲರು ಆ ಇಬ್ಬರಿಗೂ ಚಹಾ ತರಿಸಿ ಒಂದೇ ಪ್ರಶ್ನೆ ಕೇಳಿದರು: ಮಲ್ಲು ಅಂದು ತೊಟ್ಟ ಅಂಗಿಯ ಬಣ್ಣ ಯಾವುದು?

"ನೀಲಿ" ಎಂದ ಒಬ್ಬ. "ಬಿಳಿ" ಎಂದ ಇನ್ನೊಬ್ಬ.

"ನೀಲಿ ಮ್ಯಾಲ ಬಿಳಿ ಪಟ್ಟಿ!" ಎಂದ ಕಾಕಾ, ಯಾರೂ ಕೇಳದಿದ್ದರೂ.

ವಕೀಲರು ನಕ್ಕರು. ಆ ನಗೆ ಅರ್ಧಕ್ಕೇ ನಿಂತಿತು. "ಇವರು ಸಾಕ್ಷಿ ಕಟಕಟಿ ಹತ್ತಿದ್ರ ನಾ ಕೇಸಿನಿಂದ ಇಳೀತೇನಿ. ಕರಕೊಂಡ ಹೋಗು."

"ಅಲ್ಲೋ, ಹುಡುಗ ಮಾಡಿಲ್ಲ ಅನ್ನೂದು ಖರೇ ಐತಿ. ಖರೇ ಮಾತಿಗೆ ಒಂದೀಟ ಸುಳ್ಳಿನ ಆಸರ ಕೊಟ್ರ ಏನಾತು?"

"ಪ್ರಾಮಾಣಿಕ ಮನಶ್ಯಾನ ಕಿಸೆದಾಗ ಖೋಟಾ ನೋಟ ಇಟ್ಟ ಸಂತಿಗೆ ಕಳಿಸಿದಂಗ ಆಕ್ಕೈತಿ. ಸಿಕ್ಕಬಿದ್ದ ಮ್ಯಾಲ ಅವನ ಖರೇ ನೋಟನೂ ಯಾರೂ ತಗೊಳ್ಳಂಗಿಲ್ಲ."

"ಸವದತ್ತಿಯಾಗ ಒಬ್ಬಾಂವ ವಕೀಲ ಅದಾನ. ಏನ ಹೇಳಂದ್ರ ಅದನ್ನ ಹೇಳ್ತಾನ."

"ಹೋಗಪಾ. ಆದ್ರ ಮೊದಲ ಮಲ್ಲೂನ ಕೇಳು. ಜೇಲಿನಾಗ ಇರಾಂವ ಅಂವ. ನೀ ಅಲ್ಲ."

ಕೇಳಲು ಹೋದವಳು ನಾನು. ಮಲ್ಲು ಕೌದಿ ಹೊದ್ದುಕೊಂಡೇ ಬಂದ. "ಅಕ್ಕಾ, ಅವರನ್ನ ಬಿಡಬ್ಯಾಡ್ರಿ" ಎಂದ. ಯಾಕೆಂದು ಕೇಳಿದರೆ ಕಬ್ಬಿಣದ ಜಾಳಿಗೆ ಹಣೆ ಹಚ್ಚಿ ನಿಂತ. ನಾನು ಎರಡು ಬಸ್ಸು ಬದಲಿಸಿ ಮನೆಗೆ ಬಂದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ: ಹೊಡೆಯದವನು ಎಲ್ಲಿದ್ದೆ ಎಂದು ಹೇಳಲಿಕ್ಕೆ ಯಾಕೆ ಅಂಜಬೇಕು?

ಆಮೇಲೆ ಭಂಡಾರದ ದಿನ ಬಂತು.

ಗದಿಗೆಪ್ಪನ ಅಣ್ಣ ಫಕೀರಪ್ಪ ಕೆಟ್ಟವನಲ್ಲ. ತಮ್ಮನನ್ನು ಹೊಡೆದವನು ಯಾರೆಂದು ತಿಳಿಯದೆ ಅವನಿಗೂ ಅನ್ನ ಇಳಿಯುತ್ತಿರಲಿಲ್ಲ. ಅವನು ಸವದತ್ತಿಯ ಗುಡ್ಡಕ್ಕೆ ಹೋಗಿ, ಎಲ್ಲಮ್ಮನ ಭಂಡಾರವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು, ಊರಿನ ಹಿರಿಯರಿಬ್ಬರನ್ನು ಕರೆದುಕೊಂಡು ನೇರ ವಕೀಲರ ಮನೆಗೆ ಬಂದ. ನಮಗೂ ಹೇಳಿಕಳಿಸಿದ್ದ. ನಮ್ಮ ಕಡೆ ಆ ಅರಿಸಿನ ಪುಡಿ ಹಿಡಿದು ಆಡಿದ ಮಾತಿನ ಮುಂದೆ ಕೋರ್ಟಿನ ತೀರ್ಪೂ ಸಣ್ಣದು. ಸುಳ್ಳಾಡಿದವನ ಮನೆ ಉಳಿಯುವುದಿಲ್ಲ ಎಂದು ನಂಬಿದವರು ನಾವೆಲ್ಲ. ನಾನೂ ನಂಬಿದವಳೇ.

ಫಕೀರಪ್ಪ ಗಂಟು ಬಿಚ್ಚಿದ. "ವಕೀಲರ, ನೀವು ಸುಳ್ಳ ಆಡಂಗಿಲ್ಲ ಅಂತ ನಾಕೂ ತಾಲೂಕಿನಾಗ ಹೇಳ್ತಾರ. ಹುಡುಗ ನಿಮ್ಮ ಮುಂದ ಎಲ್ಲಾ ಹೇಳ್ಯಾನಂತ. ಇದನ್ನ ಮುಟ್ಟಿ, 'ಇಂವ ಮಾಡಿಲ್ಲ' ಅನ್ರಿ. ಒಂದ ಮಾತು. ಇವತ್ತ ಠಾಣೇಕ ಹೋಗಿ, ಇವನ ಮ್ಯಾಲ ನಮಗ ಸಂಶೇ ಇಲ್ಲ ಅಂತ ಹೇಳಿ ಬರ್ತೇವಿ."

"ಚಾ ಕುಡೀರಿ, ಫಕೀರಪ್ಪ."

"ಚಾ ಬ್ಯಾಡ್ರಿ. ಮಾತ ಬೇಕು."

ಅವ್ವ ನೆಲಕ್ಕೆ ಕೂತು ಸೆರಗು ಒಡ್ಡಿದಳು. "ಯಪ್ಪಾ, ನಿನ್ನ ಕಾಲ ಬೀಳ್ತೇನಿ, ಅಂದಬಿಡು."

ವಕೀಲರು ಹೇಳಿದರು: "ಫಕೀರಪ್ಪ, ನಾ ಆಡೂ ಮಾತು ಏನಿದ್ರೂ ಜಡ್ಜ್ ಸಾಹೇಬ್ರ ಮುಂದ. ಇಲ್ಲಿ ಹೌದೂ ಅನ್ನಂಗಿಲ್ಲ, ಇಲ್ಲಾನೂ ಅನ್ನಂಗಿಲ್ಲ."

ಆಗ ಅವರ ಕೈ ಏನು ಮಾಡಿತು ಎಂಬುದರ ಬಗ್ಗೆ ಊರಿನಲ್ಲಿ ಒಮ್ಮತವಿಲ್ಲ. ಭಂಡಾರ ಕಂಡು ಬೆಂಕಿ ಮುಟ್ಟಿದಂತೆ ಕೈ ಹಿಂದೆ ಎಳೆದುಕೊಂಡರು ಎಂದು ಫಕೀರಪ್ಪನ ಕಡೆಯವರು ಹೇಳುತ್ತಾರೆ. ಚಿಟಿಕೆ ಹಣೆಗೆ ಹಚ್ಚಿಕೊಂಡು, ಅದರ ಮೇಲೆ ಆಣೆಯಿಡುವುದಿಲ್ಲ ಎಂದರು ಎಂಬುದು ಅವ್ವನ ನೆನಪು. ನನ್ನ ನೆನಪಿನಲ್ಲಿ ಅವರ ಕೈಯಲ್ಲಿ ಬಸಿ ಇತ್ತು, ಅದರೊಳಗಿನ ಚಹಾ ಆರಿ ಕೆನೆಗಟ್ಟಿತ್ತು. ಆ ಕೆನೆ ನಿಜವೋ, ನಾನು ಈಗ ಸೇರಿಸಿದ್ದೋ, ಹೇಳಲಾರೆ. ಅವರು ಆಣೆಯ ಮಾತು ಆಡಲಿಲ್ಲ ಎನ್ನುವಲ್ಲಿ ಮಾತ್ರ ಎಲ್ಲರೂ ಒಂದಾಗುತ್ತಾರೆ.

"ಆಣಿ ಇಡಂಗಿಲ್ಲ ಅಂದ್ರ ತಿಳೀತು ಬಿಡ್ರಿ" ಎಂದು ಫಕೀರಪ್ಪ ಗಂಟು ಕಟ್ಟಿಕೊಂಡು ಎದ್ದ. ಕಾಕಾ ಅವರೆಲ್ಲ ಹೋಗುವವರೆಗೆ ತಡೆದುಕೊಂಡು ಆಮೇಲೆ ಸಿಡಿದ: "ಗೆಳೆಯಾ ಅಂತ ನಿನ್ನ ಕಡೆ ತಂದ್ನಲ್ಲೋ ಹುಡುಗನ್ನ! ಒಂದ ಮಾತಿಗೆ ಬಿಡುಗಡಿ ಆಗ್ತಿತ್ತು!"

"ನನ್ನ ಮಾತಿಂದ ಅಂವ ಬಿಡುಗಡಿ ಆಗಬಾರದೋ" ಎಂದರು ಅವರು. ಆಗ ಅದು ನನಗೆ ಅಹಂಕಾರದಂತೆ ಕೇಳಿಸಿತು.

ಒಂದು ವಾರದೊಳಗೆ ಊರು ತೀರ್ಮಾನಿಸಿಬಿಟ್ಟಿತು. ನಮ್ಮ ಮನೆಗೆ ಹಾಲು ಹಾಕುವವಳು ಬೇರೆ ದಾರಿ ಹಿಡಿದಳು. ನನ್ನ ಶಾಲೆಯಲ್ಲೂ, ನಾನು ಸ್ಟಾಫ್ ರೂಮಿಗೆ ಬಂದರೆ ಮಾತು ಹವಾಮಾನದ ಕಡೆ ಹೊರಳುತ್ತಿತ್ತು.

ವಕೀಲರು ಅಷ್ಟರಲ್ಲಿ ಒಂದು ಸಂಜೆ ಒಬ್ಬರೇ ಬಸ್ಸಿಳಿದು ಹಳ್ಳಕ್ಕೆ ಹೋಗಿ ಕೂತುಬಂದಿದ್ದರು. ಕುರಿ ಕಾಯುವವರು ನೋಡಿ, ಕೋಟು ಹಾಕಿಕೊಂಡ ಮನುಷ್ಯ ಹಳ್ಳದ ಕಲ್ಲು ಮೂಸುತ್ತಿದ್ದ ಎಂದು ಸುದ್ದಿ ಹಬ್ಬಿಸಿದರು. ವಕೀಲರು ಯಾವ ಕೇಸಿನಲ್ಲೂ ಜಾಗ ನೋಡದೆ ವಾದಿಸುತ್ತಿರಲಿಲ್ಲವಂತೆ. ಕಲ್ಲು ಮೂಸಿದ್ದಕ್ಕೆ ಕಾರಣ ತಿಳಿದದ್ದು ಜಾಮೀನಿನ ದಿನ.

ಆ ದಿನ ನಾನು ಬೈಲಹೊಂಗಲದ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇದು ಕಾಕಾ ಹೇಳಿದ್ದಲ್ಲ. ಅವರು ಎದ್ದು ನಿಂತು ಮಲ್ಲು ಒಳ್ಳೆಯವನೆಂದಾಗಲಿ, ಎಲ್ಲೋ ಇದ್ದನೆಂದಾಗಲಿ ಹೇಳಲಿಲ್ಲ. ಗದಿಗೆಪ್ಪ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದ ಎಂದು ಪೊಲೀಸರೇ ಹೇಳಿದ್ದಾರೆ, ಹೊಲ ಹಸಿಯಾಗಿತ್ತು ಎಂದೂ ಹೇಳಿದ್ದಾರೆ, ಹಾಗಾದರೆ ಹಳ್ಳದಿಂದ ನೀರೆತ್ತಿದ್ದು ಯಾವುದು ಎಂದು ಕೇಳಿದರು. ಹಳ್ಳದ ದಂಡೆಯ ಕಲ್ಲಿನ ಮೇಲೆ ಡೀಸೆಲ್ ವಾಸನೆ ಇನ್ನೂ ಇದೆ. ಎಂಜಿನ್ ಎಲ್ಲಿ? ಅದನ್ನು ಯಾರೂ ನೋಡಿದಂತಿಲ್ಲವಲ್ಲ?

ಸರ್ಕಾರಿ ವಕೀಲರು ಪೊಲೀಸರ ಕಡೆ ತಿರುಗಿದರು. ಪೊಲೀಸರು ಕಡತ ತಿರುವತೊಡಗಿದರು. ಆಗ ಹಿಂದಿನಿಂದ ಫಕೀರಪ್ಪ ಎದ್ದು ನಿಂತು ಕೈಮುಗಿದು ಕೂಗಿದ:

"ಸಾಹೇಬ್ರ, ಅದು ನಮ್ಮ ಮನ್ಯಾಗ ಐತ್ರಿ! ಯಾರರ ತುಡುಗ ಮಾಡ್ತಾರಂತ ಅವತ್ತ ಬಂಡ್ಯಾಗ ಹೇರಕೊಂಡ ಬಂದೇವ್ರಿ!"

ಜಡ್ಜ್ ಅವನನ್ನು ಗದರಿಸಿ ಕೂರಿಸುವ ಮೊದಲೇ ಕೋರ್ಟು ನಗುತ್ತಿತ್ತು. ತಮ್ಮನನ್ನು ಆಂಬುಲೆನ್ಸಿಗೆ ಹತ್ತಿಸಿ, ಎಂಜಿನ್ನನ್ನು ಬಂಡಿಗೆ ಹತ್ತಿಸಿದ್ದರು. ನಮ್ಮೂರಿನವರು ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಪೊಲೀಸರು ಬರುವ ಹೊತ್ತಿಗೆ ದಂಡೆಯ ಮೇಲೆ ಏನೂ ಇರಲಿಲ್ಲ.

ಮಲ್ಲೂಗೆ ಜಾಮೀನಾಯಿತು. ಪೊಲೀಸರು ಫಕೀರಪ್ಪನ ಹಿತ್ತಲಲ್ಲಿ ತಾಡಪತ್ರಿ ಎತ್ತಿ ನೋಡಿದರೆ, ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲಿಗೆ ಒಣಗಿದ ರಕ್ತವೂ ಕೂದಲೂ ಅಂಟಿದ್ದವು. ಅಷ್ಟಾದರೂ ಅದೇ ಹ್ಯಾಂಡಲ್ಲಿನಿಂದ ಯಾರೋ ಹೊಡೆದಿರಬಹುದಲ್ಲ ಎಂದು ಕೆಲವರು ಅಂದರು. ಕೊನೆಗೆ ಗದಿಗೆಪ್ಪನ ನಾಲಿಗೆ ಹೊರಳಿದಾಗ ಅವನೇ ಹೇಳಿದ: "ಯಾರೂ ಹೊಡದಿಲ್ಲ. ಎಂಜಿನ್ ನಡುವ ನಿಂತಿತ್ತು, ಮತ್ತ ಚಾಲೂ ಮಾಡೂವಾಗ ಹ್ಯಾಂಡಲ್ ತಿರಗಿ ಬಂದ ಬಡೀತು. ಊರ ಕಡೆ ನಾಕ ಹೆಜ್ಜಿ ಬಂದೆ, ಮುಂದ ಗೊತ್ತಿಲ್ಲ." ಬಿದ್ದ ಜಾಗಕ್ಕೂ ಎಂಜಿನ್ ಇದ್ದ ಜಾಗಕ್ಕೂ ಅಂತರವಿದ್ದದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ಕೇಸು ಮುಚ್ಚಿತು.

ಕೇಸು ಮುಚ್ಚಿದ ದಿನ ಅವ್ವ ಕೋರ್ಟಿನ ಮೆಟ್ಟಿಲ ಮೇಲೆಯೇ ಕೂತು ಎಲೆ ಅಡಿಕೆ ಹಾಕಿಕೊಂಡಳು. ಮಗ ಒಳಗೆ ಹೋದಂದಿನಿಂದ ಬಿಟ್ಟಿದ್ದಳು. ಆ ಮೆಟ್ಟಿಲ ಬಳಿಯೇ ಫಕೀರಪ್ಪ ವಕೀಲರನ್ನು ತಡೆದ.

"ಹುಡುಗ ಮಾಡಿಲ್ಲ ಅನ್ನೂದು ನಿಮಗ ಗೊತ್ತಿತ್ತು. ಅವತ್ತ ಭಂಡಾರ ಮುಟ್ಟಿದ್ರ ಇಷ್ಟೆಲ್ಲ ಆಗತಿದ್ದಿಲ್ಲಲ್ರೀ?"

"ಫಕೀರಪ್ಪ, ನಾಳೆ ನಿಮ್ಮ ಮನಿಯವರ್ಯಾರರ ಸಿಕ್ಕಬಿದ್ದು ನನ್ನ ಕಡೆ ಬರ್ತಾರಂತ ತಿಳಿ. ಅಂವ ಖರೇನ ಮಾಡ್ಯಾನ, ನನ್ನ ಮುಂದ ಅತ್ತು ಹೇಳ್ಯಾನ. ಎದುರಿನವರು ಹಿಂಗ ಭಂಡಾರ ತರ್ತಾರ. ಮಲ್ಲೂನ ಸಲುವಾಗಿ ಮುಟ್ಟಿದಾಂವ ಅವತ್ತ ಮುಟ್ಟಲಿಲ್ಲ ಅಂದ್ರ, ನಾನ ಅವನ್ನ ಹಿಡದ ಕೊಟ್ಟಂಗ ಆತಿಲ್ಲೋ? ಅದಕ್ಕ ಯಾರ ಸಲುವಾಗಿನೂ ಮುಟ್ಟಂಗಿಲ್ಲ."

ಫಕೀರಪ್ಪ ಯೋಚಿಸಿ ಹೇಳಿದ: "ನಮ್ಮ ಮನ್ಯಾಗ ಅಂಥವರು ಯಾರೂ ಇಲ್ರಿ."

"ಇವರ ಮನ್ಯಾಗೂ ಇರಲಿಲ್ಲ ನೋಡು."

ನಾನು ಅವರ ಹಿಂದೆಯೇ ಗೇಟಿನವರೆಗೆ ಹೋದೆ. "ಎಲ್ಲಾ ಮುಗೀತಲ್ರಿ. ಈಗರ ಹೇಳ್ರಿ, ಆ ಸಂಜಿ ಮಲ್ಲು ಎಲ್ಲಿದ್ದ?"

"ಕೇಸ ಮುಗೀತವಾ. ಅಂವ ನನ್ನ ಮುಂದ ಆಡಿದ ಮಾತು ಮುಗದಿಲ್ಲ. ಅದು ಅವನ ಸಾಮಾನು, ನನ್ನ ಹಂತ್ಯಾಕ ಇಟ್ಟಾನ ಅಷ್ಟ. ಬೇಕಂದ್ರ ಅವನ್ನ ಕೇಳು." ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಇಸ್ಪೀಟಿಗೆ ಹೋದರು. ಕಾಕಾ ಹಿಂದೆಯೇ ಓಡಿದ.

ನಾನು ಮಲ್ಲೂನನ್ನು ಕೇಳಲಿಲ್ಲ. ಯಾಕೆಂದು ಒಂದೇ ಕಾರಣ ಕೊಡಲಾರೆ. ಮೊದಮೊದಲು ಅಂಜಿಕೆ. ಆಮೇಲೆ ಅವನ ಮದುವೆ, ಮಕ್ಕಳು. ಕೊನೆಗೆ ಕೇಳದಿರುವುದೇ ರೂಢಿಯಾಯಿತು.

ಕೋಟು ಬಿಚ್ಚಿಟ್ಟ ಸುದ್ದಿ ಬಂದ ಭಾನುವಾರ ನಾವಿಬ್ಬರೂ ಮೋಟರ್‌ಸೈಕಲ್ಲಿನಲ್ಲಿ ಬೈಲಹೊಂಗಲಕ್ಕೆ ಹೋದೆವು. ಅವರು ಬನಿಯನ್ನಿನಲ್ಲಿ ಕೂತು ಟಿವಿಯ ಜೊತೆ ಜಗಳವಾಡುತ್ತಿದ್ದರು. ಮೀಸೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಇದ್ದಕ್ಕಿದ್ದಂತೆ ಮುಖ ಯಾರದೋ ಅಜ್ಜನದಾಗಿತ್ತು. ಮಲ್ಲೂಗೆ ಮಕ್ಕಳೆಷ್ಟು ಎಂದು ಕೇಳಿ, ಉತ್ತರಕ್ಕೆ ಕಾಯದೆ ನಮ್ಮಿಬ್ಬರ ಬಸಿಗೂ ಚಹಾ ಸುರುವಿದರು. ಕೇಸಿನ ಮಾತು ಬರಲೇ ಇಲ್ಲ.

ವಾಪಸು ಬರುವಾಗ ಮಲ್ಲು ನಮ್ಮ ಬದುವಿನ ಹತ್ತಿರ ಗಾಡಿ ನಿಲ್ಲಿಸಿದ.

"ಅಕ್ಕಾ, ನೀ ಒಮ್ಮಿನೂ ಕೇಳಲಿಲ್ಲಲ್ಲ."

"ಕೇಳಿದ್ರ ಹೇಳ್ತಿದ್ದಿ?"

"ಅವತ್ತ ಹೇಳ್ತಿರಲಿಲ್ಲ. ಈಗ ಹೇಳ್ತೇನಿ. ಕೇಳು."

ಕೇಳಿದೆ. ಹೇಳಿದ. ಅದರಲ್ಲಿ ರಕ್ತವಿರಲಿಲ್ಲ, ಕಳವಿರಲಿಲ್ಲ. ಆದರೆ ಆ ಸಂಜೆ ಅವನೊಬ್ಬನದಾಗಿರಲಿಲ್ಲ. ಇನ್ನೊಬ್ಬರ ಪಾಲೂ ಅದರಲ್ಲಿತ್ತು. ಅವರು ಈಗ ಕಿತ್ತೂರಿನ ಕಡೆ ನೆಮ್ಮದಿಯಿಂದ ಸಂಸಾರ ಮಾಡಿಕೊಂಡಿದ್ದಾರೆ. ಅವರ ಹೆಸರು ಹೊರಗೆ ಬಾರದಿರಲೆಂದು ಮಲ್ಲು ಜೇಲಿನಲ್ಲಿ ಕೂತ. ಅವನು ಕೂತದ್ದು ದಂಡವಾಗದಿರಲೆಂದು ವಕೀಲರು ಊರಿನ ಬೈಗುಳ ತಿಂದರು. ಇಷ್ಟನ್ನು ಬರೆಯಲು ಮಲ್ಲು ನನಗೆ ಪರವಾನಗಿ ಕೊಟ್ಟಿದ್ದಾನೆ.

ಆ ರಾತ್ರಿ ತವರಿನಲ್ಲೇ ಉಳಿದೆ. ಮುಂಜಾನೆ ಗದಿಗೆಪ್ಪ ಕುಡಗೋಲು ಮಸೆಯುವ ಕಲ್ಲು ಕೇಳಿಕೊಂಡು ಬಂದ. ನಾಲಿಗೆ ಈಗಲೂ ಸ್ವಲ್ಪ ಎಳೆಯುತ್ತದೆ, ನಗು ಎಳೆಯುವುದಿಲ್ಲ. ಕಟ್ಟೆಯ ಮೇಲೆ ಕೂತು ಚಹಾಕ್ಕೆ ಕಾಯುತ್ತ ಕೇಳಿದ:

"ಅಕ್ಕಾರ, ವಕೀಲರ ಕಡೆ ಹೋಗಿದ್ರಂತ? ಈಗ ರಿಟೈರ್ ಆಗ್ಯಾರಲ್ಲ, ಅವತ್ತ ಈ ಹುಡುಗ ಎಲ್ಲಿದ್ದ ಅಂತ ಹೇಳಿದ್ರೇನು?"

"ಅವರೇನೂ ಹೇಳಲಿಲ್ಲ."

"ಮಲ್ಲು ಹೇಳ್ಯಾನೇನು ಮತ್ತ?"

ನಾನು ಚಹಾ ಸೋಸಿದೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಗದಿಗೆಪ್ಪ ನನ್ನನ್ನೂ, ಹಿತ್ತಲಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ಮಲ್ಲೂನನ್ನೂ ನೋಡಿ, ಕೈಚಾಚಿ ಲೋಟ ಇಸಿದುಕೊಂಡ.

"ಬ್ಯಾಡ ಬಿಡ್ರಿ" ಎಂದ. "ಸಕ್ಕರಿ ಇನ್ನಷ್ಟ ಹಾಕ್ರಿ."